ತುಂಬಿ ಹಾರುತ್ತಿದ್ದ ಐವತ್ತು ಸೀಟಿನ ಜೆಟ್ ಯಾಕೆ ನಿಂತಿತು? ಅದರಲ್ಲಿ ಯಾವ ಸೀಟು ಒಳ್ಳೆಯದು?

ಪ್ರಶ್ನೆ: ನಮ್ಮದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಕೆಲವು ವರ್ಷ ಇಲ್ಲಿಂದ ಬೆಂಗಳೂರಿಗೆ ಐವತ್ತು ಸೀಟಿನ ಸಣ್ಣ ಜೆಟ್ ಹಾರುತ್ತಿತ್ತು. ನಾನು ಹತ್ತಿದಾಗಲೆಲ್ಲ ಸೀಟು ಭರ್ತಿ. ಆದರೂ ಪ್ರಯಾಣಿಕರಿಲ್ಲ ಎಂದು ಸೇವೆ ನಿಲ್ಲಿಸಿದರು. ಇದು ಹೇಗೆ ಸಾಧ್ಯ? ಇನ್ನೊಂದು ವಿಷಯ: ಬರುವ ತಿಂಗಳು ಎಪ್ಪತ್ತು ದಾಟಿದ ತಾಯಿಯನ್ನು ಅಂಥದೇ ವಿಮಾನದಲ್ಲಿ ಕರೆದೊಯ್ಯಬೇಕು. ಅವರಿಗೆ ಮಂಡಿ ನೋವು. ಹೋದ ಸಲ ವಿಮಾನ ವಿಪರೀತ ಕುಲುಕಿತು, ಇಳಿಯುವಾಗ ಕಿವಿ ನೋವಿನಿಂದ ಒದ್ದಾಡಿಬಿಟ್ಟರು. ಯಾವ ಸೀಟು, ಯಾವ ಹೊತ್ತು ಒಳ್ಳೆಯದು?

ಉತ್ತರ: ತಾಯಿಯವರ ಪ್ರಯಾಣ ಹತ್ತಿರವಿದೆ, ಅದನ್ನೇ ಮೊದಲು ನೋಡೋಣ.

ಟಿಕೆಟ್ ತೆಗೆಯುವಾಗ ವಿಮಾನದ ಮಾದರಿ ಯಾವುದೆಂದು ನೋಡಿ. ಬುಕಿಂಗ್ ಪುಟದಲ್ಲಿ 'ಇಆರ್4' ಎಂದಿದ್ದರೆ ಅದು ಎಂಬ್ರೇಯರ್ ಇಆರ್‌ಜೆ-145, ನೀವು ಹೇಳುವ ಐವತ್ತು ಸೀಟಿನದು. 'ಇ75' ಎಂದಿದ್ದರೆ ಎಂಬ್ರೇಯರ್ 175. 'ಎಟಿ7' ಎಂದರೆ ಫ್ಯಾನು ತಿರುಗುವ ಎಟಿಆರ್-72. ಸ್ಟಾರ್ ಏರ್ 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟ ಆರಂಭಿಸಿದ್ದು ಮೊದಲನೆಯದರಲ್ಲಿ. 2023ರಲ್ಲಿ ಅದು 76 ಸೀಟಿನ (12 ಬಿಸಿನೆಸ್, 64 ಎಕಾನಮಿ) ಎಂಬ್ರೇಯರ್ 175 ತಂದಿತು. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು. ಮೂರರ ಒಳಮೈ ಮೂರು ಥರ, ಒಂದಕ್ಕೆ ಹೇಳಿದ ಸೀಟಿನ ಸಲಹೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಆರ್‌ಜೆ-145 ಉದ್ದನೆಯ ಕೊಳವೆಯಂತಿದೆ. ಒಳಗಿನ ಅಗಲ 2.10 ಮೀಟರ್, ಎತ್ತರ 1.82 ಮೀಟರ್. ಆರು ಅಡಿಯವರಿಗೆ ತಲೆ ಸೂರಿಗೆ ತಾಗುತ್ತದೆ. ಎಡಗಡೆ ಒಂಟಿ ಸೀಟು, ಬಲಗಡೆ ಜೋಡಿ ಸೀಟು. ಒಂಟಿ ಸೀಟಿನವರಿಗೆ ಕಿಟಕಿಯೂ ಸಿಗುತ್ತದೆ, ನಡುದಾರಿಯೂ ಸಿಗುತ್ತದೆ, ಮೊಣಕೈ ತಾಗಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಒಬ್ಬರೇ ಹೋಗುವವರಿಗೆ ದೇಶದೊಳಗಿನ ಎಕಾನಮಿ ಪ್ರಯಾಣದಲ್ಲಿ ಇದಕ್ಕಿಂತ ಒಳ್ಳೆಯ ಸೀಟಿಲ್ಲ. ಎರಡು ಕೊರತೆಗಳಿವೆ: ಆ ಕಡೆ ತಲೆಯ ಮೇಲೆ ಲಗೇಜಿನ ಗೂಡು ಇರುವುದಿಲ್ಲ, ಗೋಡೆ ದುಂಡಗೆ ಒಳಕ್ಕೆ ಬಾಗಿರುವುದರಿಂದ ಕಿಟಕಿ ಬದಿಯ ಪಾದಕ್ಕೆ ಜಾಗ ಕಡಿಮೆ.

ತಾಯಿಯವರಿಗೆ ಬಲಗಡೆಯ ಜೋಡಿ ಸೀಟಿನಲ್ಲಿ ನಡುದಾರಿ ಬದಿಯದನ್ನು ತೆಗೆದುಕೊಳ್ಳಿ, ಕಿಟಕಿ ಪಕ್ಕ ನೀವು ಕೂತುಕೊಳ್ಳಿ. ಕಾಲು ಚಾಚಲು, ಎದ್ದು ನಿಲ್ಲಲು ಅವರಿಗೆ ಯಾರನ್ನೂ ಏಳಿಸಬೇಕಾಗುವುದಿಲ್ಲ. ಸಾಲು ಮುಂದಿನದಾಗಿರಲಿ. ಈ ವಿಮಾನದ ಎರಡೂ ಎಂಜಿನ್ ಹಿಂಭಾಗದಲ್ಲಿ ಒಡಲಿಗೇ ಅಂಟಿಕೊಂಡಿವೆ. ಕೊನೆಯ ಸಾಲುಗಳಲ್ಲಿ ಕೂತರೆ ಮಾತು ಕೇಳಿಸದಷ್ಟು ಮೊರೆತ, ಮುಂದಿನ ಸಾಲುಗಳಲ್ಲಿ ಗಾಳಿಯ ಸದ್ದು ಮಾತ್ರ. ಮಂಡಿ ನೋವಿನವರಿಗೆ ಬಾಗಿಲ ಹತ್ತಿರ ಕೂತರೆ ಇಕ್ಕಟ್ಟಿನ ದಾರಿಯಲ್ಲಿ ನಡೆಯುವುದೂ ತಪ್ಪುತ್ತದೆ. ಶೌಚಾಲಯ ಮಾತ್ರ ಹಿಂದಿದೆ, ಆದ್ದರಿಂದ ಹತ್ತುವ ಮೊದಲೇ ಟರ್ಮಿನಲ್‌ನಲ್ಲಿ ಮುಗಿಸಿಕೊಳ್ಳಲಿ. ಕಾಲಿಗೆ ಜಾಗ ಹೆಚ್ಚೆಂದು ತುರ್ತು ಬಾಗಿಲ ಸಾಲು ಕೇಳಬೇಡಿ, ಅಲ್ಲಿ ವಯಸ್ಸಾದವರನ್ನು ಕೂರಿಸುವುದಿಲ್ಲ.

ನಿಜವಾದ ತೊಂದರೆ ಮೆಟ್ಟಿಲಿನದು. ಇಂಥ ಸಣ್ಣ ಜೆಟ್‌ಗೆ ಸಾಮಾನ್ಯವಾಗಿ ಏರೋಬ್ರಿಡ್ಜ್ (ಟರ್ಮಿನಲ್‌ನಿಂದ ನೇರ ವಿಮಾನದೊಳಕ್ಕೆ ಹೋಗುವ ಸೇತುವೆ) ಹಚ್ಚುವುದಿಲ್ಲ. ಬಾಗಿಲೇ ಕೆಳಕ್ಕೆ ಮಡಚಿ ಮೆಟ್ಟಿಲಾಗುತ್ತದೆ, ಅದು ಕಡಿದು, ಕಿರಿದು. 'ವೀಲ್‌ಚೇರ್ ಬೇಕು' ಎಂದಷ್ಟೇ ಹೇಳಿದರೆ ಟರ್ಮಿನಲ್‌ನಿಂದ ಮೆಟ್ಟಿಲ ಬುಡದವರೆಗೆ ತಳ್ಳಿಕೊಂಡು ಬಂದು ಬಿಡುತ್ತಾರೆ. ವೀಲ್‌ಚೇರ್ ಕೋರಿಕೆಯಲ್ಲಿ ಮೂರು ದರ್ಜೆಗಳಿವೆ. ದೂರ ನಡೆಯಲಾರರು ಆದರೆ ಮೆಟ್ಟಿಲು ಹತ್ತಬಲ್ಲರು ಎಂದಾದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಹತ್ತಲಾರರು ಎಂದಾದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕು ಎಂದಾದರೆ ಡಬ್ಲ್ಯುಸಿಎಚ್‌ಸಿ. ತಾಯಿಯವರಿಗೆ ಎರಡನೆಯದು ಬೇಕಾದೀತು. ಹೊರಡುವ 48 ಗಂಟೆ ಮೊದಲೇ ಫೋನ್ ಮಾಡಿ ಆ ಅಕ್ಷರಗಳನ್ನೇ ಬರೆಸಿ, ರ‍್ಯಾಂಪ್ ಅಥವಾ ಆಂಬುಲಿಫ್ಟ್ (ವೀಲ್‌ಚೇರನ್ನು ವಿಮಾನದ ಬಾಗಿಲಿನ ಎತ್ತರಕ್ಕೆ ಎತ್ತುವ ಗಾಡಿ) ಎರಡೂ ಊರುಗಳಲ್ಲಿ ಇದೆಯೇ ಎಂದು ಕೇಳಿ. ಹತ್ತುವ ಊರಲ್ಲಿ ಇದ್ದು ಇಳಿಯುವ ಊರಲ್ಲಿ ಇಲ್ಲದಿದ್ದರೆ ಸಂಕಟ ಇಳಿಯುವಾಗ ಬರುತ್ತದೆ.

ಎಂಬ್ರೇಯರ್ 175 ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಎರಡು-ಎರಡು ಸೀಟು, ನಡುವಿನ ಸೀಟೆಂಬುದೇ ಇಲ್ಲ. ಒಳ ಅಗಲ 2.74 ಮೀಟರ್, ಎತ್ತರ 2 ಮೀಟರ್, ಗೋಡೆ ಹೆಚ್ಚು ನೇರ. ಎಂಜಿನ್ ರೆಕ್ಕೆಯ ಕೆಳಗಿವೆ, ರೆಕ್ಕೆಗಿಂತ ಮುಂದೆ ಕೂತರೆ ನಿಶ್ಶಬ್ದ. ಎಟಿಆರ್‌ನಲ್ಲಿ ಇದು ತಿರುಗುಮುರುಗು: ಸದ್ದು, ಕಂಪನ ಮುಂದಿನ ಅರ್ಧದಲ್ಲಿ ಫ್ಯಾನಿನ ನೇರಕ್ಕಿರುವ ಸಾಲುಗಳಲ್ಲಿ ಹೆಚ್ಚು, ಪ್ರಯಾಣಿಕರು ಹತ್ತುವ ಬಾಗಿಲೂ ಹಿಂದಿದೆ. ಮಂಡಿ ನೋವಿನವರು ಅಲ್ಲಿ ಹಿಂದೆಯೇ ಕೂರಬೇಕು.

ಲಗೇಜಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗಟ್ಟಿ ಮೈಯ ಕ್ಯಾಬಿನ್ ಟ್ರಾಲಿ ಇಆರ್‌ಜೆ-145ರ ಗೂಡಿಗೆ ಹಿಡಿಸುವುದಿಲ್ಲ. ವಿಮಾನದ ಬುಡದಲ್ಲೇ ಅದಕ್ಕೆ ಚೀಟಿ ಕಟ್ಟಿ ಹಿಂಭಾಗದ ಲಗೇಜು ಕೋಣೆಗೆ ಹಾಕುತ್ತಾರೆ. ಪವರ್ ಬ್ಯಾಂಕ್ ಅಲ್ಲಿಗೆ ಹೋಗುವಂತಿಲ್ಲ, ತಾಯಿಯವರ ಮಾತ್ರೆಗಳೂ ಹೋಗಬಾರದು. ಈ ಎರಡನ್ನೂ ಮೊದಲೇ ಒಂದು ಬಟ್ಟೆ ಚೀಲದಲ್ಲಿ ಬೇರೆ ಇಡಿ. ಇನ್ನು, ವಿಮಾನ ಖಾಲಿ ಇದೆಯೆಂದು ಟೇಕಾಫ್‌ಗೆ ಮೊದಲು ಸೀಟು ಬದಲಾಯಿಸಬೇಡಿ. ಎಂಜಿನ್ ಹಿಂದೆ, ಲಗೇಜು ಹಿಂದೆ ಇರುವ ಹಗುರ ವಿಮಾನ ಇದು. ಯಾರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆಯೇ ತೂಕದ ಸಮತೋಲ ಲೆಕ್ಕ ಹಾಕಿರುತ್ತಾರೆ. ಗಗನಸಖಿ ಕೆಲವರನ್ನು ಎಬ್ಬಿಸಿ ಬೇರೆಡೆ ಕೂರಿಸಿದರೆ ಕಾರಣ ಅದೇ.

ಕುಲುಕಾಟಕ್ಕೆ ಬರೋಣ. ವಿಮಾನದ ಗರಿಷ್ಠ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಚದರ ಮೀಟರ್ ರೆಕ್ಕೆ ಎಷ್ಟು ಭಾರ ಹೊರುತ್ತದೆಂದು ಗೊತ್ತಾಗುತ್ತದೆ. ಎಟಿಆರ್-72ಕ್ಕೆ ಇದು ಸುಮಾರು 375 ಕಿಲೋ, ಇಆರ್‌ಜೆ-145ಕ್ಕೆ 430, ಎಂಬ್ರೇಯರ್ 175ಕ್ಕೆ 530, ಏರ್‌ಬಸ್ ಎ320ಕ್ಕೆ 630. ಭಾರ ಕಡಿಮೆಯಿದ್ದಷ್ಟೂ ಅದೇ ಗಾಳಿಯ ಹೊಡೆತಕ್ಕೆ ವಿಮಾನ ಹೆಚ್ಚು ಎಗರುತ್ತದೆ. ತುಂಬಿದ ಲಾರಿಗೂ ಖಾಲಿ ಲಾರಿಗೂ ಇರುವ ವ್ಯತ್ಯಾಸವೇ ಇದು. ಇದರಿಂದ ವಿಮಾನಕ್ಕೆ ಅಪಾಯವಿಲ್ಲ, ಕೂತವರಿಗೆ ಹಿಂಸೆಯಷ್ಟೆ.

ಬೇಸಿಗೆಯಲ್ಲಿ ಬಯಲುಸೀಮೆಯ ಕರಿನೆಲ ಕಾದು, ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಬಿಸಿಗಾಳಿ ಮೇಲಕ್ಕೇಳುತ್ತಲೇ ಇರುತ್ತದೆ. ಸಣ್ಣ ವಿಮಾನ ಹತ್ತುವಾಗ, ಇಳಿಯುವಾಗ ಅದರ ನಡುವೆಯೇ ಹಾಯಬೇಕು. ಆದ್ದರಿಂದ ಬೆಳಗಿನ ಮೊದಲ ಹಾರಾಟ ಹಿಡಿಯಿರಿ. ಆಗ ಗಾಳಿ ತಣ್ಣಗೆ ಮಲಗಿರುತ್ತದೆ. ಇದಕ್ಕೆ ಇನ್ನೂ ಒಂದು ಲಾಭವಿದೆ. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುವಾಗ ಬೆಳಗ್ಗೆಯ ಅರ್ಧ ಗಂಟೆ ತಡ ಸಂಜೆಗೆ ಎರಡು ಗಂಟೆಯಾಗಿ ಬೆಳೆದಿರುತ್ತದೆ. ಕುಲುಕಾಟ ಸಹಿಸಲಾಗದವರು ರೆಕ್ಕೆಯ ಹತ್ತಿರದ ಸಾಲಿನಲ್ಲಿ ಕೂರಬೇಕು. ಸದ್ದಿಗೆ ಮುಂದಿನ ಸಾಲು, ಕುಲುಕಿಗೆ ರೆಕ್ಕೆಯ ಸಾಲು, ಮಂಡಿಗೆ ಬಾಗಿಲ ಸಾಲು. ಮೂರೂ ಒಟ್ಟಿಗೆ ಸಿಗುವುದಿಲ್ಲ, ನಿಮ್ಮ ತಾಯಿಯವರಿಗೆ ಮಂಡಿಯೇ ಮುಖ್ಯ ಎಂದು ನಮ್ಮ ಅಭಿಪ್ರಾಯ.

ಬಿಸಿಲಿನಿಂದ ಇನ್ನೊಂದು ಪರಿಣಾಮವಿದೆ. ಬೆಳಗಾವಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ, ರನ್‌ವೇ 2,300 ಮೀಟರ್. ಬೆಳಗ್ಗೆ 20 ಡಿಗ್ರಿ ಇದ್ದಾಗ ಅಲ್ಲಿನ ಗಾಳಿಯ ಸಾಂದ್ರತೆ 3,700 ಅಡಿಯಲ್ಲಿ ಇರಬೇಕಾದಷ್ಟು. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಮುಟ್ಟಿದಾಗ 5,600 ಅಡಿಯಲ್ಲಿ ಇರಬೇಕಾದಷ್ಟು ತೆಳು. ಎಂಜಿನ್‌ಗೆ ಬಲ ಕಡಿಮೆ, ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ. ಒಂದು ಗಂಟೆಯ ಪ್ರಯಾಣಕ್ಕೆ ಇಂಧನ ಹೆಚ್ಚು ಬೇಡ, ಹಾಗಾಗಿ ತೊಂದರೆಯಾಗುವುದು ಅಪರೂಪ. ದೂರದ ಊರಿಗೆ ಟ್ಯಾಂಕ್ ತುಂಬಿಸಿಕೊಂಡು ಹೊರಟಾಗ ಲಗೇಜು ಇಳಿಸುವ, ಸೀಟು ಖಾಲಿ ಬಿಡುವ ಪ್ರಸಂಗ ಬರಬಹುದು.

ಕಿವಿ ನೋವು ಏರುವಾಗ ಬರುವುದು ಅಪರೂಪ, ಹೆಚ್ಚಾಗಿ ಇಳಿಯುವಾಗ ಬರುತ್ತದೆ. ಏರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ ಗಂಟಲಿಗೆ ತೆರೆಯುವ ನಾಳದಿಂದ ತಾನಾಗಿಯೇ ಹೊರಹೋಗುತ್ತದೆ. ಇಳಿಯುವಾಗ ಅದೇ ನಾಳದಿಂದ ಗಾಳಿ ಒಳಗೆ ಬರಬೇಕು, ಆದರೆ ನಾಳದ ಬಾಯಿ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಶೀತವಿದ್ದರೆ ಇನ್ನೂ ಕಷ್ಟ. ಸಣ್ಣ ದೂರದಲ್ಲಿ ಏರಿದ ಕೂಡಲೇ ಇಳಿಯುವುದರಿಂದ ಕಿವಿಗೆ ಬಿಡುವೂ ಸಿಗುವುದಿಲ್ಲ. ವಿಮಾನ ಇಳಿಯತೊಡಗುವುದು ನೆಲ ಮುಟ್ಟುವ ಇಪ್ಪತ್ತು-ಇಪ್ಪತ್ತೈದು ನಿಮಿಷ ಮೊದಲು. ಎಂಜಿನ್ ಸದ್ದು ಇಳಿದದ್ದು ಕೇಳಿದ ತಕ್ಷಣ ತಾಯಿಯವರನ್ನು ಎಬ್ಬಿಸಿ. ಚಪ್ಪರಿಸಲು ಕಲ್ಲುಸಕ್ಕರೆಯೋ ಪೆಪ್ಪರಮೆಂಟೋ ಕೊಡಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ಒತ್ತುವುದನ್ನು ನೋವು ಶುರುವಾಗುವ ಮೊದಲೇ, ಎರಡು-ಮೂರು ನಿಮಿಷಕ್ಕೊಮ್ಮೆ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಒತ್ತಿದರೆ ಹಾನಿಯಾದೀತು. ಮೂಗಿಗೆ ಹನಿ ಹಾಕುವ ವಿಚಾರವನ್ನು, ಬಿಪಿ ಇದ್ದರಂತೂ, ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಈಗ ನಿಂತುಹೋದ ಸೇವೆ.

ನೀವು ಹತ್ತಿದಾಗಲೆಲ್ಲ ತುಂಬಿತ್ತು ಎಂಬುದು ಸುಳ್ಳಲ್ಲ, ಆದರೆ ಅದು ಪೂರ್ಣ ಚಿತ್ರವಲ್ಲ. ಐವತ್ತು ಸೀಟಿನ ಎರಡು ಹಾರಾಟಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ 48 ಜನ, ಇನ್ನೊಂದರಲ್ಲಿ 16. ಸರಾಸರಿ 32, ಅಂದರೆ ನೂರಕ್ಕೆ 64 ಭರ್ತಿ. ಆದರೆ ಒಟ್ಟು 64 ಪ್ರಯಾಣಿಕರಲ್ಲಿ 48 ಜನ, ಮುಕ್ಕಾಲು ಪಾಲು, ಮನೆಗೆ ಹೋಗಿ 'ವಿಮಾನ ಫುಲ್ ಇತ್ತು' ಎನ್ನುತ್ತಾರೆ. ಖಾಲಿ ವಿಮಾನ ನೋಡಿದವರೇ ಕಡಿಮೆ. ಸೋಮವಾರ ಬೆಳಗ್ಗೆ ಒಂದು ದಿಕ್ಕಿಗೆ, ಶುಕ್ರವಾರ ಸಂಜೆ ಇನ್ನೊಂದು ದಿಕ್ಕಿಗೆ ಜನ ಹರಿಯುವ ಮಾರ್ಗದಲ್ಲಿ ಹೀಗೇ ಆಗುತ್ತದೆ. ತುಂಬಿ ಹೋದ ವಿಮಾನ ಖಾಲಿ ಮರಳಿ ಬರಬೇಕು, ಆ ಮರಳಿಕೆಯ ಖರ್ಚೂ ಹೋದವರ ಟಿಕೆಟಿನಿಂದಲೇ ಹುಟ್ಟಬೇಕು.

ಎರಡನೆಯದು ಇಂಧನ. ಇಆರ್‌ಜೆ-145 ಗಂಟೆಗೆ ಅಂದಾಜು 1,200 ಕಿಲೋ ಇಂಧನ ಕುಡಿಯುತ್ತದೆ. ಸೀಟಿಗೆ 24 ಕಿಲೋ. ನೂರ ಎಂಬತ್ತು ಸೀಟಿನ ಎ320 ಸುಮಾರು 2,400 ಕಿಲೋ ಕುಡಿದರೂ ಸೀಟಿಗೆ ಬೀಳುವುದು 13. ಎಟಿಆರ್‌ಗೆ 700 ಕಿಲೋದೊಳಗೆ, ಸೀಟಿಗೆ 9 ಮಾತ್ರ. ಇಬ್ಬರು ಪೈಲಟ್‌ಗಳ ಸಂಬಳವನ್ನೂ ನೂರ ಎಂಬತ್ತರ ಬದಲು ಐವತ್ತು ಜನರ ನಡುವೆ ಹಂಚಬೇಕು, ತಲೆಗೆ ಬೀಳುವ ಪಾಲು ಹೆಚ್ಚು. ಲೆಕ್ಕಕ್ಕೆಂದು ಒಂದು ಸಲದ ಹಾರಾಟಕ್ಕೆ 2 ಲಕ್ಷ ರೂಪಾಯಿ ಖರ್ಚು ಎಂದು ಹಿಡಿಯೋಣ. ಐವತ್ತೂ ಸೀಟು ಮಾರಿದರೆ ತಲೆಗೆ 4,000. ಸರಾಸರಿ 32 ಜನ ಎಂದಾದರೆ 6,250, ಅದೂ ತೆರಿಗೆ, ನಿಲ್ದಾಣದ ಶುಲ್ಕಗಳನ್ನು ಬಿಟ್ಟು. ಅಷ್ಟು ಕೊಡುವವರು ಎಷ್ಟು ಜನ ಎಂಬುದೇ ಬೇಡಿಕೆ. 2,500 ರೂಪಾಯಿಗೆ ಹತ್ತುವವರ ತಲೆ ಎಣಿಸಿದರೆ ಅದು ಸಿಗುವುದಿಲ್ಲ.

ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆ ಈ ಅಂತರವನ್ನೇ ತುಂಬಿಸಿತ್ತು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದಿಂದ ಶುರುವಾದ ಯೋಜನೆಯಲ್ಲಿ ಅರ್ಧ ಸೀಟುಗಳನ್ನು ಮಿತಿ ದರಕ್ಕೆ ಮಾರಬೇಕಿತ್ತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಆರಂಭದ ಮಿತಿ 2,500 ರೂಪಾಯಿ. ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತಿತ್ತು. ಅದರಲ್ಲಿ ರಾಜ್ಯದ ಪಾಲು ನೂರಕ್ಕೆ 20. ಮೂರು ವರ್ಷ ಮುಗಿದ ದಿನ ಅದೇ ವಿಮಾನ, ಅದೇ ಜನ, ಆದರೆ ಐವತ್ತರಲ್ಲಿ ಇಪ್ಪತ್ತೈದು ಸೀಟಿನ ಆಸರೆ ಕಳಚಿಬಿದ್ದಿರುತ್ತದೆ. ದೇಶದ ಅನೇಕ ಉಡಾನ್ ಮಾರ್ಗಗಳು ಈ ಹೊಸ್ತಿಲಲ್ಲೇ ಎಡವಿದವು, ಕೆಲವು ಅದಕ್ಕೂ ಮೊದಲೇ.

ಹಾಗಾದರೆ ಐವತ್ತು ಸೀಟಿನ ವಿಮಾನವನ್ನು ಮಾಡಿದ್ದಾದರೂ ಯಾಕೆ? ಇಆರ್‌ಜೆ-145 ಮೊದಲು ಹಾರಿದ್ದು 1995ರಲ್ಲಿ, ಅಮೆರಿಕದ ದೊಡ್ಡ ಕಂಪನಿಗಳ ಪೈಲಟ್ ಸಂಘಗಳ ಒಪ್ಪಂದಗಳು ಸಣ್ಣ ಪಾಲುದಾರ ಕಂಪನಿಗಳ ವಿಮಾನಕ್ಕೆ ಸೀಟಿನ ಮಿತಿ ಹಾಕುತ್ತಿದ್ದ ಕಾಲದಲ್ಲಿ. ಮುಂದೆ ಅಲ್ಲಿ ಮಿತಿ 76 ಸೀಟಿಗೆ ಬಂತು, ಎಂಬ್ರೇಯರ್ 175 ಅಲ್ಲಿ ಅಷ್ಟು ಮಾರಾಟವಾಗಲು ಅದೇ ಕಾರಣ. ನಮ್ಮಲ್ಲೂ ಗೆರೆಗಳಿವೆ, ಬೇರೆ ಜಾಗದಲ್ಲಿ. ಐವತ್ತು ಸೀಟಿನವರೆಗೆ ಒಬ್ಬರೇ ಕ್ಯಾಬಿನ್ ಸಿಬ್ಬಂದಿ ಸಾಕು. ಎಂಬತ್ತಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕ ಇಲ್ಲ. ನಲವತ್ತು ಟನ್‌ಗಿಂತ ಹಗುರವಾದ ವಿಮಾನಕ್ಕೆ ಹಾಕುವ ಇಂಧನ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ವಿಶೇಷ ಪಟ್ಟಿಗೆ ಸೇರಿರುವುದರಿಂದ ರಾಜ್ಯಗಳು ಅದರ ಮೇಲೆ ಮನಬಂದಷ್ಟು ತೆರಿಗೆ ಹೇರುವಂತಿಲ್ಲ. 76, 78 ಎಂಬ ಸಂಖ್ಯೆಗಳು ನಮ್ಮ ಆಕಾಶದಲ್ಲಿ ಮತ್ತೆ ಮತ್ತೆ ಕಾಣುವುದರ ಹಿಂದೆ ಈ ಗೆರೆಗಳೂ ಇವೆ.

ಬೆಂಗಳೂರಿನ ಮಾರ್ಗದಲ್ಲಿ ಜೆಟ್‌ನ ನಿಜವಾದ ಎದುರಾಳಿ ಕಾರಲ್ಲ, ರಾತ್ರಿ ಸ್ಲೀಪರ್ ಬಸ್ಸು. ಬೆಳಗಾವಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 445 ಕಿಲೋಮೀಟರ್. ಹಾರಾಟ ಒಂದು ಗಂಟೆಯ ಆಸುಪಾಸು. ಅದಕ್ಕೆ ಬೆಳಗಾವಿಯ ನಿಲ್ದಾಣವಿರುವ ಸಾಂಬ್ರಾಕ್ಕೆ ಹೋಗುವ ಅರ್ಧ ಗಂಟೆ, ಕಾಯುವ ಒಂದೂಕಾಲು ಗಂಟೆ, ದೇವನಹಳ್ಳಿಯಿಂದ ಊರೊಳಗೆ ಬರುವ ಒಂದೂವರೆ-ಎರಡು ಗಂಟೆ ಸೇರಿಸಿ. ಹತ್ತಿರಹತ್ತಿರ ಐದು ಗಂಟೆ, ಅದೂ ಹಗಲಿನದು. ಬಸ್ಸು ತೆಗೆದುಕೊಳ್ಳುವುದು ನಿದ್ದೆಯ ಸಮಯವನ್ನು. 2023ರ ಜೂನ್‌ನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಬಂದ ಮೇಲೆ ಹುಬ್ಬಳ್ಳಿಯವರಿಗೆ ಹಗಲಿನ ಇನ್ನೊಂದು ದಾರಿಯೂ ಆಯಿತು. ಇಷ್ಟು ದೂರಕ್ಕೆ ಜೆಟ್‌ನ ವೇಗಕ್ಕೂ ಬೆಲೆಯಿಲ್ಲ: ಎಟಿಆರ್‌ಗಿಂತ ಹದಿನೈದು-ಇಪ್ಪತ್ತು ನಿಮಿಷ ಮೊದಲು ಮುಟ್ಟಿಸುತ್ತದೆ, ಸೀಟಿಗೆ ಸುಮಾರು ಎರಡು ಪಟ್ಟು ಇಂಧನ ಸುಟ್ಟು.

ಸೋರಿಕೆಯನ್ನೂ ಲೆಕ್ಕ ಹಿಡಿಯಬೇಕು. ಬೀದರಿನವರಿಗೆ ಹೈದರಾಬಾದ್ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರ್. ದೆಹಲಿಗೋ ದುಬೈಗೋ ಹೊರಟವರು ಅಲ್ಲಿಂದಲೇ ಹತ್ತುತ್ತಾರೆ. ಬೆಳಗಾವಿ, ಹುಬ್ಬಳ್ಳಿ ನಿಲ್ದಾಣಗಳ ನಡುವೆ ನೂರು ಕಿಲೋಮೀಟರ್ ಅಷ್ಟೆ. ಬೆಳಗಾವಿಗೆ ಗೋವಾ, ಕೊಲ್ಹಾಪುರಗಳೂ ಹತ್ತಿರ. ಊರಿನ ಜನಸಂಖ್ಯೆ ತೋರಿಸಿ 'ಇಷ್ಟು ಲಕ್ಷ ಜನ ಇದ್ದೇವೆ' ಎಂದರೆ ಕಂಪನಿಯ ಯೋಜನಾ ವಿಭಾಗ ಅದನ್ನು ಪಕ್ಕಕ್ಕಿಡುವುದು ಈ ಕಾರಣಕ್ಕೆ.

ಐವತ್ತು ಸೀಟಿನ ಜೆಟ್ ಗೆಲ್ಲುವ ಜಾಗ ಬೇರೆ. ಹುಬ್ಬಳ್ಳಿಯಿಂದ ದೆಹಲಿ ಪಕ್ಕದ ಹಿಂಡನ್ ನಿಲ್ದಾಣಕ್ಕೆ ಸುಮಾರು 1,500 ಕಿಲೋಮೀಟರ್. ಬೆಳಗಾವಿ–ಜೋಧಪುರ 1,150ಕ್ಕೂ ಮೇಲೆ. ಇಲ್ಲಿ ರಾತ್ರಿ ಬಸ್ಸಿನ ಪೈಪೋಟಿ ಇಲ್ಲ, ರೈಲಿನಲ್ಲಿ ಒಂದು ದಿನಕ್ಕೂ ಹೆಚ್ಚು. ಎಟಿಆರ್‌ಗೆ ಈ ದೂರ ಮೂರು ಗಂಟೆಯ ಗೋಳು, 180 ಸೀಟಿನ ವಿಮಾನಕ್ಕೆ ಜನ ಸಾಲದು. ಬಟ್ಟೆ ವ್ಯಾಪಾರಕ್ಕೆ ಸೂರತ್, ದೇವರ ದರ್ಶನಕ್ಕೆ ತಿರುಪತಿ, ರಜೆಗೆ ಊರಿಗೆ ಹೊರಟ ಸೈನಿಕರು: ಹಾರಾಟವೊಂದಕ್ಕೆ ಮೂವತ್ತು-ನಲವತ್ತು ಜನರ ಈ ತೆಳು ಹರಿವು ವಾರಕ್ಕೆ ಮೂರ್ನಾಲ್ಕು ಹಾರಾಟಗಳಿಗೆ ಸರಿಹೊಂದುತ್ತದೆ. ಆದ್ದರಿಂದ ನಿಮ್ಮೂರಿಗೆ ನಮ್ಮ ಸ್ಪಷ್ಟ ಸಲಹೆ: ಬೆಂಗಳೂರಿಗೆ ಎಟಿಆರ್ ಕೇಳಿ, ಸಣ್ಣ ಜೆಟ್ಟನ್ನು ದೂರದ ಊರಿಗೆ ಕೇಳಿ. ಅದೇ ಜೆಟ್ ಮತ್ತೆ ಬೆಂಗಳೂರಿಗೇ ಬೇಕೆಂದು ಹಟ ಹಿಡಿದರೆ ಎರಡೂ ಕೈತಪ್ಪುತ್ತವೆ.

ಕೇಳುವ ಕ್ರಮವೂ ಬದಲಾಗಬೇಕು. ಸಾವಿರ ಸಹಿಯ ಮನವಿಯಿಂದ ಪ್ರಯೋಜನ ಕಡಿಮೆ. ವಾಣಿಜ್ಯ ಸಂಸ್ಥೆಯವರು ಊರಿನ ಕಾರ್ಖಾನೆ, ಆಸ್ಪತ್ರೆ, ಕಾಲೇಜು, ವಕೀಲರ ಸಂಘ, ಟ್ರಾವೆಲ್ ಏಜೆಂಟರಿಂದ ಆರು ತಿಂಗಳ ಪಟ್ಟಿ ಸಂಗ್ರಹಿಸಲಿ: ಯಾವ ವಾರ, ಯಾವ ಹೊತ್ತು, ಕೊನೆಗೆ ತಲುಪಿದ ಊರು ಯಾವುದು, ಯಾವ ನಿಲ್ದಾಣದಿಂದ ಹತ್ತಿದರು, ಎಷ್ಟು ಕೊಟ್ಟರು. ಅದರ ಜೊತೆ ನಾಲ್ಕೈದು ಸಂಸ್ಥೆಗಳು ತಿಂಗಳಿಗೆ ಇಷ್ಟು ಸೀಟು ಮುಂಗಡ ಕೊಳ್ಳುತ್ತೇವೆಂದು ಬರೆದುಕೊಟ್ಟರೆ ಅದಕ್ಕೆ ತೂಕವಿದೆ. ವಿಮಾನ ರಾತ್ರಿ ನಿಮ್ಮೂರಿನಲ್ಲೇ ತಂಗುವಂತೆ ಕೇಳಿ. ರಾತ್ರಿ ಬೆಂಗಳೂರಿನಲ್ಲಿ ತಂಗಿದ ವಿಮಾನ ನಿಮ್ಮಲ್ಲಿಗೆ ಬಂದು ಹೊರಡುವಷ್ಟರಲ್ಲಿ ಒಂಬತ್ತು ಗಂಟೆ, ಹೋಗಿ ಕೆಲಸ ಮುಗಿಸಿ ಅಂದೇ ಮರಳುವವರಿಗೆ ಅದು ಕೆಲಸಕ್ಕೆ ಬಾರದು. ಹಾಗೆ ತಂಗಲು ರನ್‌ವೇ ದೀಪ, ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಲ್ದಾಣ ತೆರೆದಿರುವುದು, ಇಂಧನ ತುಂಬುವ ವ್ಯವಸ್ಥೆ, ಎಂಜಿನಿಯರ್ ಬೇಕು. ಇವುಗಳಲ್ಲಿ ಯಾವುದು ಇಲ್ಲವೆಂದು ಮೊದಲು ನಿಲ್ದಾಣದ ನಿರ್ದೇಶಕರನ್ನು ಕೇಳಿ ತಿಳಿಯಿರಿ.

ಆ ಪಟ್ಟಿಯಲ್ಲಿ ಬೆಂಗಳೂರಿನಿಂದ ಮುಂದಕ್ಕೆ ಹಾರುವವರಿಗೆ ಬೇರೆಯೇ ಕಾಲಂ ಇರಲಿ. ಅವರು ದೇವನಹಳ್ಳಿಯಿಂದ ಊರೊಳಗೆ ಬರಬೇಕಿಲ್ಲ, ರಾತ್ರಿ ಬಸ್ಸಿಗೆ ಸೋಲುವುದೂ ಇಲ್ಲ. ಆದರೆ ಒಂದೇ ಟಿಕೆಟ್‌ನಲ್ಲಿ ಮುಂದಿನ ಹಾರಾಟ ಸೇರಿ, ಲಗೇಜು ಕೊನೆಯ ಊರಿನವರೆಗೆ ಹೋಗುವಂತಿದ್ದರೆ ಮಾತ್ರ ಅವರು ನಿಮ್ಮೂರಿನಿಂದ ಹತ್ತುತ್ತಾರೆ. ಅಲ್ಲಿಯವರೆಗೆ ಬೇರೆ ಬೇರೆ ಟಿಕೆಟ್ ತೆಗೆಯುವವರು ನಡುವೆ ಕನಿಷ್ಠ ಮೂರು ಗಂಟೆ ಬಿಡಬೇಕು. ಲಗೇಜು ಇಳಿಸಿಕೊಂಡು, ಬಹುಶಃ ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಿಸಬೇಕಾಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣ ವಾಪಸ್ ಕೊಡುವ ಹೊಣೆ ಯಾವ ಕಂಪನಿಯದೂ ಆಗಿರುವುದಿಲ್ಲ. ತಾಯಿಯವರ ಪ್ರಯಾಣವೂ ಎರಡು ವಿಮಾನಗಳದ್ದಾಗಿದ್ದರೆ ಮೆಟ್ಟಿಲು ಹತ್ತಲಾರರು ಎಂಬ ಕೋರಿಕೆಯನ್ನು ಎರಡೂ ಟಿಕೆಟ್‌ಗಳಲ್ಲಿ ಬೇರೆ ಬೇರೆಯಾಗಿ ಬರೆಸಿ, ಒಂದರಲ್ಲಿ ಬರೆಸಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.